ತುಮಕೂರಿಗೆ ಹೊಸಬರೇ? ಶನಿವಾರ ಬೆಂಗಳೂರಿಗೆ ಓಡಬೇಡಿ

ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬರುವವರನ್ನು ಬಹಳ ವರ್ಷದಿಂದ ನೋಡುತ್ತಿದ್ದೇನೆ. ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಸಾಮಾನು ಇಳಿಸಿದ ವಾರವೇ ಫೋನ್ ಹಿಡಿದು ಪಬ್ಬು, ಗೇಮ್ ಝೋನು, ವಾಟರ್ ಪಾರ್ಕು ಅಂತ ಹುಡುಕುತ್ತಾರೆ. ಬೇಕಾದಷ್ಟು ಸಿಗುವುದಿಲ್ಲ. ಮುಂದಿನ ಶನಿವಾರ ಕಾರು ಬೆಂಗಳೂರಿನ ಕಡೆ ತಿರುಗುತ್ತದೆ. 70 ಕಿಲೋಮೀಟರ್ ಅಷ್ಟೇ ಅಲ್ವಾ! ಹೋಗುವಾಗ ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಕೊಳ್ಳುತ್ತಾರೆ. ಮಾಲ್‌ನಲ್ಲಿ ಒಂದೂವರೆ ಗಂಟೆ ಇರುತ್ತಾರೆ. ಬರುವಾಗ ಮಕ್ಕಳು ಹಿಂದಿನ ಸೀಟಿನಲ್ಲಿ ವಾಂತಿ. ರಾತ್ರಿ ಒಂದು ಗಂಟೆಗೆ ನಮ್ಮ ಗೇಟಿನ ಸದ್ದು.

ಈಗ ಇರುವವರು ಧಾರವಾಡದ ಕಡೆಯವರು. ಆತನಿಗೆ ವಸಂತನರಸಾಪುರದ ಕಾರ್ಖಾನೆಯಲ್ಲಿ ಕೆಲಸ. ಬಂದ ಎರಡನೇ ವಾರ ಅವನ ಹೆಂಡತಿ ಕೇಳಿದಳು: "ಅಕ್ಕಾರ, ಈ ಊರಾಗ ರಾತ್ರಿ ಎಂಟಾದ್ರ ಮಂದಿ ಬಾಗಲಾ ಹಾಕ್ಕೊಂಡು ಮಲಗತಾರೇನ್ರಿ?"

"ಇಲ್ಲಮ್ಮ, ಎದ್ದಿರೋರು ಪೇಟೆಯಲ್ಲಿಲ್ಲ, ಹಳ್ಳಿಯಲ್ಲಿದ್ದಾರೆ" ಅಂದೆ. ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಒಂದು ತಿಂಗಳು ಕಾರನ್ನು ನೆಲಮಂಗಲದ ಕಡೆ ತಿರುಗಿಸಬೇಡಿ

ಅಷ್ಟೇ. ಇದಕ್ಕೆ ವಿವರಣೆ ಬೇಡ.

ಹೆಜ್ಜೆ 2: ಮೊದಲು ಸಂಜೆಗಳನ್ನು ಗೊತ್ತು ಮಾಡಿಕೊಳ್ಳಿ

ಚಿಕ್ಕ ಮಕ್ಕಳಿದ್ದರೆ ಅಮಾನಿಕೆರೆಯ ಪಾರ್ಕು. ಸಿನಿಮಾಕ್ಕೆ ಯಾರ ಸಲಹೆಯೂ ಬೇಡ. ನಾಟಕ, ಸಂಗೀತಕ್ಕೆ ಗುಬ್ಬಿ ವೀರಣ್ಣ ರಂಗಮಂದಿರದ ಮುಂದಿನ ಬ್ಯಾನರ್‌ಗಳನ್ನು ವಾರಕ್ಕೊಮ್ಮೆ ಓದಿ ಬನ್ನಿ. ಆ ಹೆಸರು ಸುಮ್ನೆ ಇಟ್ಟದ್ದಲ್ಲ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯ ಊರು ಇಲ್ಲೇ ಪಕ್ಕದಲ್ಲಿದೆ. ನಾಟಕದ ಹುಚ್ಚು ಈ ಜಿಲ್ಲೆಯ ನೀರಿನಲ್ಲೇ ಇದೆ. ಐದನೇ ಹೆಜ್ಜೆಯಲ್ಲಿ ಇದು ನಿಮಗೆ ಕೆಲಸಕ್ಕೆ ಬರುತ್ತದೆ.

ಒಂದು ಸಂಜೆಯನ್ನು ಸಿದ್ಧಗಂಗಾ ಮಠಕ್ಕೆ ಇಟ್ಟುಕೊಳ್ಳಿ. ದೇವರು ದಿಂಡಿರು ಅಂತ ಇಲ್ಲದವರೂ ಹೋಗಬಹುದು. ಅಲ್ಲಿ ಓದುವ ಸಾವಿರಾರು ಹುಡುಗರು ಬಯಲಿನಲ್ಲಿ ಸಾಲಾಗಿ ಕೂತು ಒಟ್ಟಿಗೆ ಪ್ರಾರ್ಥನೆ ಹಾಡುತ್ತಾರೆ. ನಿಮ್ಮ ಮಗ ಐದು ನಿಮಿಷ ಬಾಯಿ ಮುಚ್ಚಿ ಕೂರುವುದನ್ನು ನೋಡಬೇಕೆಂದರೆ ಇದೇ ಜಾಗ. ದಾಸೋಹದಲ್ಲಿ ಊಟ ಮಾಡಿ ಬನ್ನಿ. ತಟ್ಟೆಯಲ್ಲಿ ಬಿಡಬಾರದು ಅಂತ ಮಕ್ಕಳಿಗೆ ಮೊದಲೇ ಹೇಳಿರಿ.

ಹೆಜ್ಜೆ 3: ಭಾನುವಾರಕ್ಕೆ ಬೆಟ್ಟ ಆರಿಸುವಾಗ ಆಸೆ ಪಡಬೇಡಿ

ಹೊಸಬರು ಒಂದೇ ದಿನದಲ್ಲಿ ದೇವರಾಯನದುರ್ಗ, ಗೊರವನಹಳ್ಳಿ, ಸಿದ್ಧರಬೆಟ್ಟ, ಮಧುಗಿರಿ ಎಲ್ಲಾ ಮುಗಿಸಲು ಹೊರಡುತ್ತಾರೆ. ಫೋಟೋ ಸಿಗುತ್ತದೆ, ಕಾಲು ನೋವು ಸಿಗುತ್ತದೆ, ಬೇರೇನೂ ಇಲ್ಲ. ಒಂದು ಭಾನುವಾರಕ್ಕೆ ಒಂದೇ ಜಾಗ.

ಮೊದಲನೆಯದು ನಾಮದ ಚಿಲುಮೆ ಮತ್ತು ದೇವರಾಯನದುರ್ಗ. ಊರಿನಿಂದ ಸುಮಾರು 15 ಕಿಲೋಮೀಟರ್. ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಂಡೆಗೆ ಬಾಣ ಬಿಟ್ಟ ಕಥೆ ಚಿಲುಮೆಯದು. ಎದುರಿಗೇ ಜಿಂಕೆಗಳಿವೆ. ಬೆಟ್ಟದ ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಕೈಯಲ್ಲಿ ಚಿಪ್ಸ್ ಪೊಟ್ಟಣ ಹಿಡಿದು ಮೆಟ್ಟಿಲು ಹತ್ತಬೇಡಿ, ಕೋತಿ ಕೇಳಿ ತೆಗೆದುಕೊಳ್ಳುವುದಿಲ್ಲ. ಕತ್ತಲಾಗುವ ಮೊದಲು ಇಳಿದುಬಿಡಿ. ಅದು ಚಿರತೆ, ಕರಡಿ ಇರುವ ಕಾಡು. "ಸೂರ್ಯ ಮುಳುಗೋದು ನೋಡಿ ಬರ್ತೀವಿ" ಅಂತ ರೀಲ್ಸ್ ನೋಡಿ ಹೋಗುವವರಿಗೆ ನನ್ನ ಒಪ್ಪಿಗೆ ಇಲ್ಲ.

ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಕುಣಿಗಲ್ ರಸ್ತೆಯಲ್ಲಿ ಗೂಳೂರು ದಾಟಿ ಕೈದಾಳಕ್ಕೆ ಹೋಗಿ. ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ, 12ನೇ ಶತಮಾನದ ಚೆನ್ನಕೇಶವನ ಗುಡಿ. ಕೈ ಕಡಿದುಕೊಂಡ ಜಕಣಾಚಾರಿಗೆ ಮತ್ತೆ ಕೈ ಬಂದ ಊರು ಇದೇ ಅಂತ ಹೇಳುತ್ತಾರೆ. ಆ ಕಥೆಯನ್ನು ಅಜ್ಜನ ಬಾಯಿಂದಲೇ ಮಕ್ಕಳಿಗೆ ಹೇಳಿಸಿ. ಕಾಲು ಗಟ್ಟಿ ಇರುವವರಿಗೆ ಮಧುಗಿರಿಯ ಏಕಶಿಲೆ ಇದೆ. ಆದರೆ ಐದು ವರ್ಷದ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ಬಂಡೆ ಹತ್ತುವವರನ್ನು ಕಂಡರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ಹಕ್ಕಿ ಇಷ್ಟಪಡುವ ಮಕ್ಕಳಿದ್ದರೆ ಬೇಸಿಗೆ ಹತ್ತಿರವಾದಾಗ ಶಿರಾ ತಾಲ್ಲೂಕಿನ ಕಗ್ಗಲಡು. ಊರೊಳಗಿನ ಹುಣಸೆ ಮರಗಳ ಮೇಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿರುತ್ತವೆ. ಬಿಳಿ ಅಂಗಿ ಹಾಕಿಕೊಂಡು ಮರದ ಕೆಳಗೆ ನಿಲ್ಲಬೇಡಿ.

ಹೆಜ್ಜೆ 4: ಗೋಡೆಗೆ ಪಂಚಾಂಗದ ಕ್ಯಾಲೆಂಡರ್ ತೂಗುಹಾಕಿ

ಫೋನಿನಲ್ಲಿರುವುದು ಸಾಲದು. ತಿಥಿ, ಹುಣ್ಣಿಮೆ, ಅಮಾವಾಸ್ಯೆ ದೊಡ್ಡದಾಗಿ ಕಾಣಬೇಕು. ಇಲ್ಲಿನ ರಾತ್ರಿಗಳು ಶನಿವಾರ ನೋಡಿ ಬರುವುದಿಲ್ಲ, ತಿಥಿ ನೋಡಿ ಬರುತ್ತವೆ.

ಎರಡಕ್ಕೆ ಕೆಂಪು ಗುರುತು ಹಾಕಿ. ಒಂದು, ಶಿವರಾತ್ರಿ. ಆ ಹೊತ್ತಿಗೆ ಸಿದ್ಧಗಂಗಾ ಜಾತ್ರೆ. ದನಗಳ ಜಾತ್ರೆ ಹಗಲಲ್ಲಿ ನೋಡಬೇಕು. ಹಳ್ಳಿಕಾರ್ ಎತ್ತುಗಳ ಕೊಂಬಿಗೆ ಕುಚ್ಚು ಕಟ್ಟಿ, ಮೈ ತಿಕ್ಕಿ ನಿಲ್ಲಿಸಿರುತ್ತಾರೆ. ವಸ್ತು ಪ್ರದರ್ಶನಕ್ಕೆ ರಾತ್ರಿ ಹೋಗಬೇಕು. ಜಯಂಟ್ ವೀಲು ರಾತ್ರಿಯೇ ಚೆಂದ. ಎರಡನೆಯದು, ದೀಪಾವಳಿಯ ನಂತರದ ಕಾರ್ತಿಕ. ಗೂಳೂರಿನಲ್ಲಿ ಆಳೆತ್ತರಕ್ಕಿಂತ ಎಷ್ಟೋ ದೊಡ್ಡ ಮಣ್ಣಿನ ಗಣಪನನ್ನು ಆ ತಿಂಗಳೆಲ್ಲ ಕೂರಿಸಿರುತ್ತಾರೆ. ಊರೆಲ್ಲ ಭಾದ್ರಪದದಲ್ಲಿ ಗಣಪನನ್ನು ಬಿಟ್ಟು ಮರೆತ ಮೇಲೆ ಇವರದು ಶುರು. ಕೆರೆಗೆ ಬಿಡುವ ದಿನ ಬಾಣಬಿರುಸು ಇರುತ್ತದೆ. ಗದ್ದಲ ತಡೆಯದವರು ಅದಕ್ಕೂ ಮುಂಚೆ ಒಂದು ಸಂಜೆ ಹೋಗಿ ಬನ್ನಿ.

ಜಾತ್ರೆಯಲ್ಲಿ ಕಡ್ಲೆಪುರಿ, ಬತ್ತಾಸು, ಬೆಂಡು ಧಾರಾಳವಾಗಿ ಕೊಳ್ಳಿ. ತಲೆಗೆ ಹಾಕುವ ಮಿನುಗುವ ಕೊಂಬು ಮಾತ್ರ ಬೇಡ. ಗಾಡಿ ಹತ್ತುವ ಮೊದಲೇ ಆರಿಹೋಗುತ್ತದೆ. ಆಮೇಲೆ ಮನೆಯವರೆಗೂ ಅಳು.

ಹೆಜ್ಜೆ 5: ರಾತ್ರಿ ನಾಟಕಕ್ಕೆ ಹೋಗುವುದು

ಇಲ್ಲೇ ಎಲ್ಲರೂ ಎಡವುವುದು. ಅದಕ್ಕೇ ನಿಧಾನವಾಗಿ ಓದಿ.

ರಾಗಿ ಕೊಯ್ದು ಕಣ ಮುಗಿದ ಮೇಲೆ ಮಳೆ ಹಿಡಿಯುವವರೆಗೆ ತುಮಕೂರಿನ ಸುತ್ತಲ ಹಳ್ಳಿಗಳಲ್ಲಿ ರಾತ್ರಿಯಿಡೀ ಪೌರಾಣಿಕ ನಾಟಕ. ಕುರುಕ್ಷೇತ್ರವೇ ಜಾಸ್ತಿ. ಆಡುವವರು ಕಂಪನಿಯವರಲ್ಲ. ರೈತರು, ಮೇಷ್ಟ್ರು, ಬಸ್ ಕಂಡಕ್ಟರು, ಅಂಗಡಿಯವರು. ಅವರಿಗೆ ಯಾರೂ ಸಂಬಳ ಕೊಡುವುದಿಲ್ಲ, ಅವರೇ ದುಡ್ಡು ಹಾಕಿ ಪಾತ್ರ ಕಟ್ಟುತ್ತಾರೆ. ದುರ್ಯೋಧನ, ಕೃಷ್ಣ ಆಗಬೇಕೆಂದರೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಆಸೆ ಇರುವವರು ಬಹಳ ಜನ ಆದ್ದರಿಂದ ಒಂದನೇ ಕೃಷ್ಣ, ಎರಡನೇ ಕೃಷ್ಣ ಅಂತ ಒಂದು ಪಾತ್ರವನ್ನು ಹಂಚಿಕೊಳ್ಳುತ್ತಾರೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿ. ಹೇಳದಿದ್ದರೆ "ಕೃಷ್ಣ ಯಾಕೆ ದಪ್ಪ ಆದ?" ಅಂತ ನಡುರಾತ್ರಿ ಜೋರಾಗಿ ಕೇಳುತ್ತಾರೆ. ನಮ್ಮ ಧಾರವಾಡದ ಹುಡುಗ ಕೇಳಿದ. ಹಿಂದೆ ಕೂತಿದ್ದವರೆಲ್ಲ ನಕ್ಕರು. ಕೃಷ್ಣನೂ ನಕ್ಕ ಅಂತ ನನ್ನ ಗುಮಾನಿ.

ಹುಡುಕುವುದು: ಗೂಗಲ್‌ನಲ್ಲಿ ಸಿಗುವುದು ಅಪರೂಪ. ಬಸ್ ಸ್ಟ್ಯಾಂಡ್ ಹತ್ತಿರ, ಹಳ್ಳಿ ಕಡೆ ಹೋಗುವ ರಸ್ತೆಯ ಸರ್ಕಲ್‌ಗಳಲ್ಲಿ ಕಟ್ಟಿರುವ ಫ್ಲೆಕ್ಸ್ ನೋಡಿ. ಕಿರೀಟ ಇಟ್ಟ ಮೂವತ್ತು ತಲೆಗಳಿರುವ ಫ್ಲೆಕ್ಸ್ ಕಂಡರೆ ಅದೇ. ರಾಜಕಾರಣಿಗಳ ಹುಟ್ಟುಹಬ್ಬದ ಫ್ಲೆಕ್ಸ್‌ನಲ್ಲೂ ಅಷ್ಟೇ ತಲೆ ಇರುತ್ತವೆ, ಕಿರೀಟ ಇರುವುದಿಲ್ಲ. ಟೀ ಅಂಗಡಿ, ಕ್ಷೌರದಂಗಡಿಗಳಲ್ಲಿ ಕರಪತ್ರ ಸಿಗುತ್ತದೆ. ನಿಮ್ಮ ಮನೆಗೆ ಹಾಲು ಹಾಕುವವರನ್ನು ಕೇಳಿ. ಅವರ ಊರಿನದು ಇಲ್ಲದಿದ್ದರೆ ಬೀಗರ ಊರಿನದು ಗೊತ್ತಿರುತ್ತದೆ. ಮೊದಲ ಸಲ 15 ಕಿಲೋಮೀಟರ್ ಒಳಗಿನ ಊರನ್ನೇ ಆರಿಸಿ. ಟಿಕೆಟ್ ಇರುವುದಿಲ್ಲ, ಎಲ್ಲರಿಗೂ ಸ್ವಾಗತ ಅಂತಲೇ ಹಾಕಿರುತ್ತಾರೆ.

ಹೊತ್ತು: ಕರಪತ್ರದಲ್ಲಿ ರಾತ್ರಿ 8.30 ಅಂತ ಇರುತ್ತದೆ. ನಂಬಬೇಡಿ. ಹತ್ತಕ್ಕೆ ಮೊದಲು ಪರದೆ ಎದ್ದದ್ದನ್ನು ನಾನು ನೋಡಿಲ್ಲ. ಮನೆಯಲ್ಲೇ ಊಟ ಮಾಡಿ, ಮಕ್ಕಳಿಗೆ ಮಧ್ಯಾಹ್ನ ನಿದ್ದೆ ಮಾಡಿಸಿ, ಒಂಬತ್ತೂವರೆಗೆ ಹೊರಡಿ. ಮಧ್ಯಾಹ್ನದ ನಿದ್ದೆ ತಪ್ಪಿಸಿದರೆ ನಿಮ್ಮ ನಾಟಕ ಹನ್ನೊಂದಕ್ಕೆ ಮುಗಿಯುತ್ತದೆ. ಶೌಚಾಲಯದ ವಿಷಯ ಮೊದಲೇ ಯೋಚಿಸಿ. ಬಯಲಲ್ಲಿ ಅದಕ್ಕೆ ವ್ಯವಸ್ಥೆ ಇರುವುದಿಲ್ಲ. ಆ ಊರಿನ ಒಂದು ಮನೆಯವರ ಪರಿಚಯ ಇದ್ದರೆ ಹೆಂಗಸರಿಗೆ ಅರ್ಧ ಚಿಂತೆ ಕಳೆಯಿತು. ಹಾಲಿನವರನ್ನು ಕೇಳಿ ಅಂದದ್ದು ಇದಕ್ಕೂ ಸೇರಿಸಿಯೇ.

ತೆಗೆದುಕೊಂಡು ಹೋಗುವುದು: ಚಾಪೆ, ಕಂಬಳಿ, ಮಂಕಿ ಕ್ಯಾಪ್, ಬ್ಯಾಟರಿ, ನೀರು, ಹತ್ತಿ. ಚಾಪೆ ಈಚಲಿನದೋ ಹುಲ್ಲಿನದೋ ಆಗಿರಲಿ. ಮಡಚುವ ಪ್ಲಾಸ್ಟಿಕ್ ಚಾಪೆ ಇಬ್ಬನಿಗೆ ಒದ್ದೆಯಾಗಿ ಜಾರುತ್ತದೆ, ಮಗ್ಗುಲು ಬದಲಿಸಿದರೆ ಚರಚರ ಅನ್ನುತ್ತದೆ. ಸೊಳ್ಳೆ ಬರದಂತೆ ಕೈಗೆ ಕಟ್ಟುವ ಬಣ್ಣದ ಪಟ್ಟಿ ಮಾರುತ್ತಾರಲ್ಲ, ಅದು ದುಡ್ಡು ದಂಡ. ಉದ್ದ ತೋಳಿನ ಅಂಗಿ ಹಾಕಿ ಸಾಕು. ಹತ್ತಿ ಯಾಕೆ ಅಂದರೆ, ಮುಂದಿನದು ಓದಿ.

ಕೂರುವುದು: ಹೊಸಬರು ಚೆನ್ನಾಗಿ ಕಾಣಲಿ ಅಂತ ಮುಂದೆ ಹೋಗಿ ಸೌಂಡ್ ಬಾಕ್ಸ್ ಎದುರಿಗೆ ಕೂರುತ್ತಾರೆ. ಭೀಮ ಒಮ್ಮೆ ಗುಡುಗಿದರೆ ಮಗು ಬೆಚ್ಚಿ ಎದ್ದು ಮನೆಗೆ ಹೋಗೋಣ ಅಂತ ಹಟ ಹಿಡಿಯುತ್ತದೆ. ಬಾಕ್ಸ್ ಎರಡೂ ಕಡೆ ಇರುತ್ತವೆ. ನೀವು ನಡುವೆ, ಸ್ವಲ್ಪ ಹಿಂದೆ, ಹಾರ್ಮೋನಿಯಂ ಮೇಷ್ಟ್ರು ಕಾಣುವ ಹಾಗೆ ಕೂರಿ. ಮೇಷ್ಟ್ರನ್ನು ನೋಡುವುದೇ ಅರ್ಧ ನಾಟಕ. ಮಾತು ಮರೆತವನಿಗೆ ಅಲ್ಲಿಂದಲೇ ಎತ್ತಿಕೊಡುತ್ತಾರೆ, ತಾಳ ತಪ್ಪಿದವನನ್ನು ಕಣ್ಣಲ್ಲೇ ಹೆದರಿಸುತ್ತಾರೆ. ಮಕ್ಕಳ ಕಿವಿಗೆ ಹತ್ತಿ ಇಡಿ. ಕಾರನ್ನು ಮಾತ್ರ ರಸ್ತೆಗೆ ಮುಖ ಮಾಡಿ, ಊರ ಹೊರಗೇ ನಿಲ್ಲಿಸಿ. ಹತ್ತಿರ ನಿಲ್ಲಿಸಿದವರಿಗೆ ಬೆಳಿಗ್ಗೆವರೆಗೂ ತೆಗೆಯಲು ಆಗುವುದಿಲ್ಲ.

ನೋಡುವುದು: ಇಡೀ ರಾತ್ರಿ ಎಚ್ಚರ ಇರಬೇಕು ಅನ್ನುವುದು ಹೊಸಬರ ಹಟ. ಊರವರು ಹಾಗಲ್ಲ. ಇಷ್ಟದ ಸೀನು ನೋಡುತ್ತಾರೆ, ನಡುವೆ ಮಲಗುತ್ತಾರೆ, ಪಕ್ಕದವರಿಗೆ "ಕರ್ಣ ಬಂದಾಗ ಎಬ್ಬಿಸಿ" ಅಂತ ಹೇಳಿರುತ್ತಾರೆ. ನೀವೂ ಹಾಗೇ ಮಾಡಿ. ಕೃಷ್ಣ ಸಂಧಾನಕ್ಕೆ ಬರುವ ಸೀನು ಬಿಡಬೇಡಿ. ದುರ್ಯೋಧನನ ಗತ್ತು ಅಲ್ಲಿ ಗೊತ್ತಾಗುತ್ತದೆ. ಕರ್ಣ ಮತ್ತು ಕುಂತಿಯ ಸೀನಿಗೆ ಮುದುಕಿಯರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದನ್ನೂ ನೋಡಿ. ಯುದ್ಧದ ಸೀನುಗಳಲ್ಲಿ ಬೇಕಾದರೆ ಟೀ ಕುಡಿದು ಬನ್ನಿ, ನನ್ನ ಮಟ್ಟಿಗೆ ಅಲ್ಲಿ ಬರೀ ಕೂಗಾಟ.

ಚೆನ್ನಾಗಿ ಹಾಡಿದವರಿಗೆ "ಒನ್ಸ್ ಮೋರ್" ಬೀಳುತ್ತದೆ, ಅವರು ಮತ್ತೆ ಹಾಡುತ್ತಾರೆ. ಇಷ್ಟೇ ಆದರೆ ಚೆಂದ. ಆದರೆ ನಡುವೆ ನಾಟಕ ನಿಲ್ಲಿಸಿ ಹಾರ ತುರಾಯಿ ಶುರುವಾಗುತ್ತದೆ. ಅರ್ಜುನನ ಭಾವಮೈದ ವೇದಿಕೆ ಹತ್ತಿ ನೋಟಿನ ಹಾರ ಹಾಕುತ್ತಾನೆ. ಮುಖಂಡರು ಬಂದರೆ ಶಾಲು, ಭಾಷಣ. ದ್ರೌಪದಿ ಬದಿಗೆ ನಿಂತು ಕಾಯುತ್ತಾಳೆ. ಬೇಸರ ಮಾಡಿಕೊಳ್ಳಬೇಡಿ. ಮಕ್ಕಳಿಗೆ ಉಚ್ಚೆ ಮಾಡಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಒಂದು ಅಡ್ಡದಾರಿ ಇದೆ, ಅದಕ್ಕೆ ನನ್ನ ಒಪ್ಪಿಗೆಯೂ ಇದೆ. ಇಂಥ ನಾಟಕಗಳ ವಿಡಿಯೋ ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ. ಎರಡು ದಿನ ಮುಂಚೆ ಒಂದೇ ಒಂದು ಸೀನನ್ನು ಮಕ್ಕಳಿಗೆ ತೋರಿಸಿ. ಬಯಲಿನಲ್ಲಿ ಅದೇ ಸೀನು ಬಂದಾಗ "ಇದು ನಂಗೊತ್ತು!" ಅಂತ ಎದ್ದು ಕೂರುತ್ತಾರೆ. ಇಡೀ ನಾಟಕ ತೋರಿಸಬೇಡಿ. ಆಮೇಲೆ ಸೋಫಾ ಬಿಟ್ಟು ಬರುವುದಿಲ್ಲ.

ಕಾರು ಓಡಿಸುವವರಿಗೆ: ಗಂಡ ಹೆಂಡತಿ ಇಬ್ಬರೂ ಎಚ್ಚರ ಇದ್ದು ಬೆಳಗಿನ ಜಾವ ಕಾರು ಹತ್ತುವುದು ಅಪಾಯ. ಓಡಿಸುವವರು ಹನ್ನೆರಡಕ್ಕೆ ಕಂಬಳಿ ಹೊದ್ದು ಮಲಗಿ. ಇದರಲ್ಲಿ ನಾನು ಸಲಿಗೆ ಕೊಡುವುದಿಲ್ಲ. ಧಾರವಾಡದವರ ಮನೆಯಲ್ಲಿ ಕಾರು ಓಡಿಸುವುದು ಅವಳೇ. ಅವಳು ಕಂಬಳಿ ಹೊದ್ದು ಮಲಗಿದಳು, ಗಂಡ ಸಂಧಾನದ ಸೀನಿಗೆ ಎಬ್ಬಿಸಲು ಮರೆತ. ಎರಡು ದಿನ ಮಾತು ಬಿಟ್ಟಿದ್ದಳು.

ಹೆಜ್ಜೆ 6: ಬೆಳಿಗ್ಗೆ

ದುರ್ಯೋಧನ ಕೊಳದಿಂದ ಎದ್ದು ಬರುವ ಹೊತ್ತಿಗೆ ಮೂಡಲಲ್ಲಿ ಬೆಳಕು ಹರಿದಿರುತ್ತದೆ. ಮಂಗಳ ಹಾಡಿ ಮುಗಿಸುತ್ತಾರೆ. ವೇಷ ಬಿಚ್ಚಿಲ್ಲದ ಭೀಮ ಬೀಡಿ ಹಚ್ಚಿಕೊಂಡು ನಿಂತಿರುತ್ತಾನೆ, ಮಕ್ಕಳು ಎದ್ದಿದ್ದರೆ ಹೋಗಿ ಕೈ ಕುಲುಕಲಿ. ಯಾರೂ ಬೇಡ ಅನ್ನುವುದಿಲ್ಲ.

ನೇರ ಮನೆಗೆ ಹೋಗಬೇಡಿ. ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನಿ, ಮೇಲೆ ಬೆಣ್ಣೆ, ಪಕ್ಕದಲ್ಲಿ ಚಟ್ನಿ. ಸಾಂಬಾರ್ ಕೇಳುವವರು ಇದ್ದಾರೆ, ಅವರ ಜೊತೆ ನನಗೆ ವಾದ ಬೇಡ. ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರೆ ಎಬ್ಬಿಸಬೇಡಿ, ಪಾರ್ಸೆಲ್ ಕಟ್ಟಿಸಿಕೊಳ್ಳಿ. ಚಟ್ನಿಯನ್ನು ಬೇರೆ ಕಟ್ಟಲು ಹೇಳಿ. ಬೆಣ್ಣೆ ಮಾತ್ರ ಬಿಸಿ ಇಡ್ಲಿಯ ಮೇಲೆ ಅಲ್ಲೇ ಹಾಕಿಸಿ.