ತಾನಾಗಿ ಹುಟ್ಟಿದ ಗಿಡ ಯಾವುದೆಂದು ಪತ್ತೆ ಹಚ್ಚುವುದು

ಬಿತ್ತದ ಗಿಡ ಪಾತಿಯಲ್ಲಿ ಎದ್ದರೆ ತಕ್ಷಣ ಕೀಳಬೇಡಿ, ಬಾಯಿಗಂತೂ ಹಾಕಲೇಬೇಡಿ. ಮೊದಲು ಮೂಡುವ ಬೀಜದೆಲೆಗಳಿಗೂ ಮುಂದೆ ಬರುವ ಎಲೆಗಳಿಗೂ ಹೋಲಿಕೆ ಇರುವುದು ಕಡಿಮೆ. ನಾಲ್ಕಾರು ನಿಜವಾದ ಎಲೆ ಬಿಡಲಿ. ಹೂವು, ಕಾಯಿ ಬರುವವರೆಗೆ ಕಾದರೆ ಅರ್ಧ ಕೆಲಸ ಮುಗಿದಂತೆ.

ಎಲೆಯ ಆಕಾರ ಮೋಸ ಮಾಡುತ್ತದೆ. ಅದು ಕಾಂಡಕ್ಕೆ ಕೂತಿರುವ ಬಗೆ ನೋಡಿ. ಎದುರುಬದುರು ಜೋಡಿಯೋ, ಗಂಟಿಗೊಂದೋ? ಕಾಂಡವನ್ನು ಬೆರಳ ನಡುವೆ ಹೊರಳಿಸಿ. ಚೌಕವಾಗಿದ್ದು, ಎಲೆ ಜೋಡಿಯಾಗಿದ್ದು, ಉಜ್ಜಿದರೆ ಘಮ ಬಂದರೆ ತುಳಸಿ, ಪುದೀನ, ತುಂಬೆಯ ಬಳಗವಿರಬಹುದು.

ಜನ ಹೆಚ್ಚಾಗಿ ಎಡವುವುದು ನೆಲನೆಲ್ಲಿಯಲ್ಲಿ. ಕಾಮಾಲೆಗೆ ಮನೆಮದ್ದೆಂದು ಕೀಳುವಾಗ ಪಕ್ಕದ ಅಚ್ಚೆಗಿಡವೂ ಕೈಗೆ ಬರುತ್ತದೆ. ಕಾಂಡ ಮುರಿದು ನೋಡಿ: ಬಿಳಿ ಹಾಲು ಒಸರಿದರೆ ಅದು ನೆಲನೆಲ್ಲಿಯಲ್ಲ. ಆ ಹಾಲು ಕಣ್ಣಿಗೆ ತಾಗಿದರೆ ಉರಿ ಜೋರು, ಕೈ ತೊಳೆದುಕೊಳ್ಳಿ. ಹಾಲಿಲ್ಲದಿದ್ದರೆ ರೆಂಬೆಯನ್ನು ತಿರುಗಿಸಿ. ಹುಣಸೆ ಎಲೆಯಂತೆ ಕಾಣುವುದರ ಅಡಿಯಲ್ಲಿ ಪುಟ್ಟ ಹಸಿರು ಕಾಯಿಗಳು ಸಾಲಾಗಿ ತೂಗುತ್ತಿದ್ದರೆ ಅದು ನೆಲನೆಲ್ಲಿಯ ಕುಲ. ಹುಣಸೆಯ ಕಿರುಎಲೆ ಒಂದು ದೊಡ್ಡ ಎಲೆಯ ತುಂಡು ಮಾತ್ರ, ಅದರ ಬುಡದಲ್ಲಿ ಹೂವು ಎಂದೂ ಬಿಡದು. ಇಲ್ಲಿ ಬಿಡುತ್ತದೆ, ಏಕೆಂದರೆ ಇಲ್ಲಿ ಪ್ರತಿಯೊಂದೂ ಬಿಡಿ ಎಲೆ. ಇನ್ನೂ ಒಂದು ಹೆಜ್ಜೆ ಬೇಕು: ಕಾಯಿ ನುಣುಪಾಗಿದ್ದು ಸಣ್ಣ ತೊಟ್ಟಿದ್ದರೆ ನೆಲನೆಲ್ಲಿ, ಒರಟಾಗಿ ರೆಂಬೆಗೇ ಅಂಟಿದ್ದರೆ ಅದರ ಸೋದರ ಜಾತಿ, ಕೆಂಪು ನೆಲನೆಲ್ಲಿ.

ಸೇವಂತಿಗೆಯಂತೆ ಸೀಳಿದ ಎಲೆಗಳು ನೆಲಕ್ಕೆ ಒತ್ತಿ ಹರಡಿದ್ದರೆ ಪಾರ್ಥೇನಿಯಂ ಎಂದು ಅನುಮಾನಿಸಿ, ಬರಿಗೈಯಲ್ಲಿ ಮುಟ್ಟಬೇಡಿ. ಚರ್ಮದ ಅಲರ್ಜಿಗೆ ಇದು ಕುಖ್ಯಾತ. ಬೆಳೆದ ಗಿಡದ ತುದಿಯಲ್ಲಿ ಸುಮಾರು 4 ಮಿ.ಮೀ. ಅಗಲದ, ಐದು ಮೂಲೆಯ ಬಿಳಿ ಹೂಗೊಂಚಲು ಕಂಡರೆ ಖಚಿತ. ಇದೊಂದನ್ನು ಮಾತ್ರ ಹೂವಿಗೆ ಕಾಯದೆ, ಗ್ಲೌಸ್ ತೊಟ್ಟು ಬೇರುಸಮೇತ ಕೀಳಿ.

ಗೂಗಲ್ ಲೆನ್ಸ್‌ಗೆ ದೂರದ ಒಂದೇ ಫೋಟೋ ಕೊಟ್ಟರೆ ತಪ್ಪು ಹೆಸರು ಬರುವುದು ಸಹಜ. ಇಡೀ ಗಿಡ, ಎಲೆಯ ಮೇಲ್ಮೈ, ಅಡಿಭಾಗ, ಗಂಟು, ಹೂವು, ಕಾಯಿ ಬೇರೆ ಬೇರೆಯಾಗಿ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇಡಿ. ಬಂದ ಹೆಸರನ್ನು ಊಹೆ ಎಂದೇ ತಿಳಿದು, ನೀವು ಕಂಡ ಲಕ್ಷಣಗಳ ಜೊತೆ ತಾಳೆ ನೋಡಿ. ಆ್ಯಪ್ ಹೇಳಿತೆಂದು ಸೊಪ್ಪು ಬೇಯಿಸಬೇಡಿ. ಉಮ್ಮತ್ತದ ಎಳೆ ಎಲೆಯೂ ನೋಡಲು ಸೊಪ್ಪೇ.

ಅನುಮಾನ ಉಳಿದರೆ ಹೂವು, ಕಾಯಿ ಎರಡೂ ಇರುವ ಸುಮಾರು 25 ಸೆಂ.ಮೀ. ರೆಂಬೆಯನ್ನು ನ್ಯೂಸ್‌ಪೇಪರ್ ನಡುವೆ ಹರಡಿ ಭಾರವಿಡಿ. ದಿನವೂ ಕಾಗದ ಬದಲಿಸಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ಯಿರಿ. ಒಣಗಿದಾಗ ಬಣ್ಣ, ವಾಸನೆ, ಹಾಲು ಕಾಣೆಯಾಗುತ್ತವೆ. ಅವನ್ನು ಕಿತ್ತ ದಿನವೇ ಚೀಟಿಯಲ್ಲಿ ಬರೆದು ಜೊತೆಗಿಡಿ.