ಲೆಕ್ಕ ಬರೆಯುವವನು ಪರಿಸರ ವಿಜ್ಞಾನ ಕಲಿತದ್ದು

ನಾನು ಕೆಲಸದಲ್ಲಿ ಅಕೌಂಟೆಂಟ್. ಪರಿಸರ ವಿಜ್ಞಾನ ಓದಬೇಕು ಅನಿಸಿದ್ದು ನಲವತ್ತು ದಾಟಿದ ಮೇಲೆ. ರಾತ್ರಿ ದಿನಕ್ಕೊಂದು ಗಂಟೆ ಅಂತ ಶುರು ಮಾಡಿದೆ. ಮೊದಲ ಮೂರು ತಿಂಗಳು ದಂಡ. ನೋಟ್‌ಬುಕ್ ತುಂಬ ವ್ಯಾಖ್ಯೆಗಳೇ. ಪರಿಸರ ವ್ಯವಸ್ಥೆ ಎಂದರೆ ಜೀವಿಗಳು ಮತ್ತು ಅವುಗಳ ಸುತ್ತಲಿನ ಗಾಳಿ, ನೀರು, ಮಣ್ಣು ಸೇರಿದ ಒಂದು ಘಟಕ. 'ಇಕೋಸಿಸ್ಟಮ್' ಪದವನ್ನು 1935ರಲ್ಲಿ ಬ್ರಿಟಿಷ್ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್ಲಿ ಬರಹದಲ್ಲಿ ತಂದರು. ಎಲ್ಲ ಬಾಯಿಪಾಠ.

ಒಂದು ದಿನ ಮಗಳು ಕೇಳಿದಳು: "ಅಪ್ಪಾ, ಹಸಿರುಗಟ್ಟಿದ ಕೊಳದಲ್ಲಿ ಮೀನು ಬೆಳಗಿನ ಜಾವವೇ ಯಾಕೆ ಸಾಯೋದು?" ನನ್ನ ನೋಟ್‌ಬುಕ್ಕಿನಲ್ಲಿ ಉತ್ತರ ಇರಲಿಲ್ಲ.

ನೀರು ಪರೀಕ್ಷಿಸುವ ಒಂದು ಕಿಟ್ ತರಿಸಿದೆ. ನೀರಿನಲ್ಲಿ ಎಷ್ಟು ಆಮ್ಲಜನಕ ಕರಗಿದೆ ಎಂದು ಹನಿ ಎಣಿಸಿ ಹೇಳುವಂಥದ್ದು. ಬಾಟಲಿಯನ್ನು ನೀರೊಳಗೇ ತುಂಬಿಸಿ, ಒಳಗೆ ಒಂದು ಗುಳ್ಳೆಯೂ ಉಳಿಯದ ಹಾಗೆ ಮುಚ್ಚಬೇಕು. ಇದು ಬರೋಕೆ ನನಗೆ ಹತ್ತು ಸಲವಾದರೂ ಬೇಕಾಯಿತು. ಆಮೇಲೆ ಒಂದೊಂದೇ ಔಷಧ ಹಾಕಿದರೆ ಕಂದು ಗಸಿ ಇಳಿಯುತ್ತದೆ, ಕರಗಿ ಹಳದಿಯಾಗುತ್ತದೆ, ಗಂಜಿ ಹಾಕಿದರೆ ಕಡುನೀಲಿ. ನೀಲಿ ಪೂರ್ತಿ ಮಾಯವಾಗುವವರೆಗೆ ಕೊನೆಯ ಔಷಧವನ್ನು ಹನಿ ಹನಿಯಾಗಿ ಎಣಿಸಿ ಬಿಡುವುದು. ಅಂಥದ್ದೇ ಒಂದು ಹಸಿರು ಕೊಳದಲ್ಲಿ ಮಧ್ಯಾಹ್ನ ಮೂರಕ್ಕೆ ಅಳೆದಾಗ ಲೀಟರಿಗೆ 12 ಮಿಲಿಗ್ರಾಂ ಬಂತು. ಎಲ್ಲೋ ತಪ್ಪಿದೆ ಅಂದುಕೊಂಡೆ. ಯಾಕೆಂದರೆ ಆ ಬಿಸಿಗೆ ಗಾಳಿಯಿಂದ ನೀರಿಗೆ ಕರಗುವುದು 8ರ ಆಸುಪಾಸು ಅಷ್ಟೇ. ಮರುದಿನ ಬೆಳಗಿನ ಜಾವ ಐದಕ್ಕೆ ಟಾರ್ಚ್ ಹಿಡಿದು ಹೋಗಿ ಅದೇ ಜಾಗದಲ್ಲಿ ಅಳೆದೆ. 3!

ಅಲ್ಲಿಗೆ ವಿಷಯ ಅರ್ಥವಾಯಿತು. ಹಗಲು ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ, ಅದು ಜಮಾ. ರಾತ್ರಿ ಅದೇ ಪಾಚಿಯೂ ಉಸಿರಾಡುತ್ತದೆ. ಮೀನು, ಬ್ಯಾಕ್ಟೀರಿಯಾ ಜೊತೆಗೆ ಎಲ್ಲರದ್ದೂ ಖರ್ಚೇ. ಪಾಚಿ ಜಾಸ್ತಿ ಆದಷ್ಟೂ ಹಗಲಿನ ಜಮಾ ದೊಡ್ಡದು, ರಾತ್ರಿಯ ಖರ್ಚೂ ದೊಡ್ಡದು. ಸೂರ್ಯ ಹುಟ್ಟುವ ಮುಂಚೆ ಖಾತೆ ತಳ ಮುಟ್ಟಿರುತ್ತದೆ. ಮಧ್ಯಾಹ್ನ ಮಾತ್ರ ಅಳೆದು ಬಂದವನಿಗೆ ಕೊಳ ಗಟ್ಟಿಮುಟ್ಟಾಗಿದೆ ಅನಿಸುತ್ತದೆ.

ಆಮೇಲೆ ಪ್ರತಿ ಪಾಠಕ್ಕೂ ಒಂದೇ ಪ್ರಶ್ನೆ ಹಾಕತೊಡಗಿದೆ: ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? ನನಗೆ ಗೊತ್ತಿದ್ದ ವಿದ್ಯೆ ಅದೊಂದೇ ತಾನೆ.

ಕೊಳಕ್ಕೆ ಅಷ್ಟೊಂದು ಪಾಚಿ ಎಲ್ಲಿಂದ? ಈ ಪ್ರಶ್ನೆ ಹಿಡಿದು ಹೊರಟಾಗ ಸಿಕ್ಕಿದ್ದು ಕೆನಡಾದ ಒಂದು ಪ್ರಯೋಗ. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಒಂಟಾರಿಯೋದ 'ಸರೋವರ 226' ಅನ್ನು ಮಧ್ಯದಲ್ಲಿ ಪರದೆ ಹಾಕಿ ಎರಡು ಮಾಡಿದರು. ಒಂದು ಕಡೆಗೆ ಇಂಗಾಲ, ಸಾರಜನಕ. ಇನ್ನೊಂದು ಕಡೆಗೆ ಇವೆರಡರ ಜೊತೆ ರಂಜಕ. ರಂಜಕ ಬಿದ್ದ ಭಾಗ ಮಾತ್ರ ಹಸಿರುಗಟ್ಟಿತು. ವಿಮಾನದಿಂದ ತೆಗೆದ ಫೋಟೋದಲ್ಲಿ ಪರದೆಯ ಗೆರೆ ಚಾಕುವಿನಿಂದ ಕೊಯ್ದ ಹಾಗೆ ಕಾಣುತ್ತದೆ. ಬಟ್ಟೆ ಸೋಪಿನ ಪುಡಿಯಲ್ಲಿ ರಂಜಕ ಕಡಿಮೆ ಮಾಡಬೇಕು ಎಂಬ ವಾದಕ್ಕೆ ಆ ಫೋಟೋ ದೊಡ್ಡ ಬಲ ಕೊಟ್ಟಿತು. ನೂರು ಪುಟದ ಪಾಠಕ್ಕಿಂತ ಆ ಒಂದು ಚಿತ್ರ ನನಗೆ ಹೆಚ್ಚು ಕಲಿಸಿತು.

ಮನೆಯಲ್ಲೂ ಒಂದು ಪ್ರಯೋಗ ಮಾಡಿ ಕೈ ಸುಟ್ಟುಕೊಂಡೆ. ದೊಡ್ಡ ಗಾಜಿನ ಜಾಡಿಗೆ ಕೊಳದ ನೀರು, ಎರಡು ಹಿಡಿ ಕೆಸರು, ನಾಲ್ಕು ಎಳೆ ಹೈಡ್ರಿಲ್ಲಾ ಎಂಬ ನೀರುಗಿಡ, ಆರು ಬಸವನಹುಳು. ಮುಚ್ಚಳ ಬಿಗಿ. ಪುಟ್ಟ ಪ್ರಪಂಚ ಮಾಡಿದೆ ಎಂಬ ಜಂಬ ಬೇರೆ. ಇಟ್ಟದ್ದು ಕಪಾಟಿನ ಮೂಲೆಯಲ್ಲಿ, ಬೆಳಕು ಸಾಲದ ಕಡೆ. ಹತ್ತು ದಿನಕ್ಕೆ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ಆಮ್ಲಜನಕ ಮುಗಿದ ಮೇಲೆ ಕೆಸರಿನ ಕೆಲವು ಬ್ಯಾಕ್ಟೀರಿಯಾ ಸಲ್ಫೇಟ್ ಬಳಸಿ ಬದುಕುತ್ತವೆ, ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಆ ವಾಸನೆ ಅದರದ್ದೇ. ಎರಡನೇ ಜಾಡಿಗೆ ಒಂದೇ ಬಸವನಹುಳು ಹಾಕಿ ಕಿಟಕಿಯ ಪಕ್ಕ ಇಟ್ಟೆ. ಅದು ಇವತ್ತಿಗೂ ಇದೆ.

ಆಹಾರ ಸರಪಳಿಯ ಶೇ. 10ರ ನಿಯಮದ ಬಗ್ಗೆ ಒಂದು ಮಾತು. ಒಂದು ಹಂತದ ಶಕ್ತಿಯಲ್ಲಿ ಹತ್ತನೇ ಒಂದು ಭಾಗ ಮಾತ್ರ ಮೇಲಿನ ಹಂತಕ್ಕೆ ಹೋಗುತ್ತದೆ ಅಂತ ಎಲ್ಲರೂ ಕಲಿಸುತ್ತಾರೆ. ಅದು ಅಂದಾಜು. ಜಾಗದಿಂದ ಜಾಗಕ್ಕೆ ಹೆಚ್ಚುಕಡಿಮೆ ಆಗುತ್ತದೆ. ಮಿನ್ನೆಸೋಟಾದ ಒಂದು ಸಣ್ಣ ಸರೋವರದ ಶಕ್ತಿಯ ಲೆಕ್ಕ ಬರೆದು ಈ ದಾರಿ ತೆರೆದವರು ರೇಮಂಡ್ ಲಿಂಡೆಮನ್. ಲೇಖನ ಅಚ್ಚಾದದ್ದು 1942ರಲ್ಲಿ, ಅವರು ತೀರಿಕೊಂಡ ಮೇಲೆ. ವಯಸ್ಸು 26. ಲೆಕ್ಕದವನಾದ ನನಗೆ ಅವರ ಮೇಲೆ ಸ್ವಲ್ಪ ಪಕ್ಷಪಾತ ಇದೆ.

ಇಂಗಾಲದ ಪಾಠದಲ್ಲಿ ನಾಚಿಕೆಯಾಗುವಂಥ ತಪ್ಪು ಮಾಡಿದೆ. ಒಂದು ಲೆಕ್ಕದಲ್ಲಿ ಇಂಗಾಲದ ತೂಕವನ್ನೂ ಕಾರ್ಬನ್ ಡೈಆಕ್ಸೈಡ್ ತೂಕವನ್ನೂ ಸುಮ್ನೆ ಕೂಡಿಬಿಟ್ಟೆ. ಎರಡು ದೇಶದ ನಾಣ್ಯ ಬೆರೆಸಿ ಕೂಡಿದ ಹಾಗೆ! 12 ಗ್ರಾಂ ಇಂಗಾಲ ಉರಿದರೆ 44 ಗ್ರಾಂ ಕಾರ್ಬನ್ ಡೈಆಕ್ಸೈಡ್. ಅಂದರೆ ಸುಮಾರು 3.67 ಪಟ್ಟು. ಮುಕ್ಕಾಲು ಕೆಜಿ ತೂಗುವ ಒಂದು ಲೀಟರ್ ಪೆಟ್ರೋಲ್ ಉರಿದು 2.3 ಕೆಜಿ ಅನಿಲ ಆಗುವುದು ಹೇಗೆ ಎಂದು ಮೊದಲು ನಂಬಲಿಲ್ಲ. ಮಿಕ್ಕ ತೂಕ ಗಾಳಿಯ ಆಮ್ಲಜನಕದ್ದು.

ಕೊನೆಗೆ ಬಂದದ್ದು ಸುಸ್ಥಿರ ಅಭಿವೃದ್ಧಿ. ನಿಜ ಹೇಳಬೇಕೆಂದರೆ ಈ ಭಾಗ ನನಗೆ ಭಾಷಣದ ಹಾಗೆ ಕಂಡಿತ್ತು. ವಿಶ್ವಸಂಸ್ಥೆಯ ಆಯೋಗವೊಂದರ 1987ರ ಬ್ರಂಟ್‌ಲ್ಯಾಂಡ್ ವರದಿ ಹೇಳುವುದು ಇಷ್ಟು: ಮುಂದಿನ ಪೀಳಿಗೆಯ ಅಗತ್ಯಕ್ಕೆ ಕುತ್ತು ಬಾರದ ಹಾಗೆ ಇಂದಿನ ಅಗತ್ಯ ಪೂರೈಸುವುದು. ಸರಿ, ಆದರೆ ಎಷ್ಟು ತೆಗೆಯಬಹುದು? 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಗುರಿ, 169 ಉಪಗುರಿಗಳನ್ನು ಬಾಯಿಪಾಠ ಮಾಡುವುದನ್ನು ನಾನು ಅರ್ಧಕ್ಕೇ ಬಿಟ್ಟೆ. ನನ್ನ ಕೈ ಹಿಡಿದದ್ದು ಅರ್ಥಶಾಸ್ತ್ರಜ್ಞ ಹರ್ಮನ್ ಡೇಲಿಯ ಮಾತು. ಮರ, ಮೀನಿನಂಥವನ್ನು ಬೆಳೆಯುವ ವೇಗ ಮೀರಿ ತೆಗೆಯಬಾರದು. ಎಣ್ಣೆ, ಅದಿರಿನಂಥವನ್ನು ಬದಲಿ ಸಿದ್ಧವಾಗುವ ವೇಗ ಮೀರಿ ಕರಗಿಸಬಾರದು. ಕಸವನ್ನು ಪ್ರಕೃತಿ ಅರಗಿಸಿಕೊಳ್ಳುವ ವೇಗ ಮೀರಿ ಸುರಿಯಬಾರದು. ಬಡ್ಡಿ ತಿನ್ನು, ಅಸಲು ಮುಟ್ಟಬೇಡ. ಇಷ್ಟು ನಮಗೂ ಗೊತ್ತಿರುವುದೇ ಅಲ್ವಾ?

ಅದನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿದೆ. ಹೆಚ್ಚೆಂದರೆ 1000 ಮೀನು ಹಿಡಿಸುವ ಒಂದು ಸರೋವರ ಅಂದುಕೊಳ್ಳಿ. ಬೆಳವಣಿಗೆಯ ದರ 0.4, ಆದರೆ ಸರೋವರ ತುಂಬಿದಷ್ಟೂ ಆ ದರ ತಗ್ಗುತ್ತದೆ; ಅರ್ಧ ತುಂಬಿದ್ದರೆ ದರವೂ ಅರ್ಧ. ಮೀನು 500 ಇರುವಾಗ ವರ್ಷಕ್ಕೆ 100 ಹುಟ್ಟಿ ಸೇರುತ್ತವೆ, ಅದೇ ಗರಿಷ್ಠ. ನಾನು ಸ್ವಲ್ಪ ಆಸೆಪಟ್ಟು ವರ್ಷಕ್ಕೆ 110 ಹಿಡಿದೆ. ಒಂದು ವರ್ಷದ ಮೇಲೆ 490. ಐದನೇ ವರ್ಷ 449. ಹತ್ತನೇ ವರ್ಷ 387. ಆಗಲೂ ಗಾಬರಿ ಏನಿಲ್ಲ, ಬಲೆ ತುಂಬುತ್ತಲೇ ಇದೆ. 20ನೇ ವರ್ಷ 89. 22ನೇ ವರ್ಷ ಒಂದೂ ಇಲ್ಲ. ಹತ್ತು ಮೀನಿನ ಆಸೆ! ನ್ಯೂಫೌಂಡ್‌ಲ್ಯಾಂಡ್ ಕಡಲಿನ ಕಾಡ್ ಮೀನು ಕುಸಿದು 1992ರಲ್ಲಿ ಕೆನಡಾ ಅದರ ಬೇಟೆ ನಿಲ್ಲಿಸಬೇಕಾಯಿತು, ಸಾವಿರಾರು ಜನ ಕೆಲಸ ಕಳೆದುಕೊಂಡರು ಎಂದು ಓದಿದ್ದೆ. ಈ ಹಾಳೆ ನೋಡಿದ ಮೇಲೆ ಅದು ಬೇರೆ ಥರ ಕಾಣಿಸಿತು.

90ಕ್ಕೆ ಇಳಿಸಿದರೆ ಮೀನು ಏರಿ 658ರ ಹತ್ತಿರ ನಿಲ್ಲುತ್ತದೆ. ನಡುವೆ ರೋಗ ಬಂದು 400ಕ್ಕೆ ಬಿದ್ದರೂ ಚೇತರಿಸಿಕೊಳ್ಳುತ್ತದೆ. 342ಕ್ಕಿಂತ ಕೆಳಗೆ ಬಿದ್ದರೆ ಮಾತ್ರ ಅದೇ 90 ಅದನ್ನು ಮುಗಿಸುತ್ತದೆ. ಹಾಳೆಯಲ್ಲಿ ಇದೆಲ್ಲ ಸಲೀಸು. ನಿಜವಾದ ಸರೋವರದಲ್ಲಿ ಎಷ್ಟು ಮೀನಿದೆ ಅಂತ ಎಣಿಸುವವರು ಯಾರು, ಹೇಗೆ?

ಸದ್ಯ ನಾನು ಇರುವುದು ಆ ಪಾಠದಲ್ಲಿ. ಮೀನು ಹಿಡಿಯೋಕೆ ಬರಲ್ಲ, ಬಸವನಹುಳು ಸಾಕು ಅಂದುಕೊಂಡೆ. ಮಗಳ ಉಗುರಿನ ಬಣ್ಣ ಇಸ್ಕೊಂಡು 40 ಹುಳುಗಳ ಚಿಪ್ಪಿಗೆ ಚುಕ್ಕೆ ಇಟ್ಟು ಕೊಳಕ್ಕೆ ಬಿಟ್ಟೆ. ಒಂದು ವಾರ ಬಿಟ್ಟು 50 ಹಿಡಿದರೆ ಅದರಲ್ಲಿ ಚುಕ್ಕೆಯವು 8. ಹಿಡಿದ 50ರಲ್ಲಿ ಚುಕ್ಕೆಯವುಗಳ ಪಾಲು ಎಷ್ಟೋ ಇಡೀ ಕೊಳದಲ್ಲೂ ಅಷ್ಟೇ ಎಂದುಕೊಂಡರೆ, 40 × 50 ÷ 8, ಅಂದರೆ ಒಟ್ಟು 250 ಇರಬಹುದು. ಖುಷಿಯಾಗಿ ಮಗಳಿಗೆ ತೋರಿಸಿದೆ. "ಇನ್ನೊಂದು ಸಲ ಹಿಡಿ ನೋಡೋಣ" ಅಂದಳು. ಮೂರು ದಿನ ಬಿಟ್ಟು 45 ಹಿಡಿದೆ, ಚುಕ್ಕೆಯವು 10. ಲೆಕ್ಕ 180ಕ್ಕೆ ಇಳಿಯಿತು. ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಈ ಭಾನುವಾರ ಮತ್ತೆ ಹೋಗಬೇಕು.