ಟಿ ಸೆಲ್‌ಗಳನ್ನ ಕರುಳಿನ ದಾರಿಗೆ ಹಚ್ಚೋಕೆ ಹೋಗಿ ಮೂರು ವಾರ ಕಳ್ಕೊಂಡಿದ್ದು

ಪಿಎಚ್‌ಡಿ ಮೊದಲ ವರ್ಷ ಬೆಂಗಳೂರಲ್ಲಿ ನಾನು ಮಾಡಿದ್ದು ಒಂದೇ ಕೆಲಸ, ಇಲಿ ಸ್ಪ್ಲೀನ್‌ನಿಂದ (ಗುಲ್ಮ) ಟಿ ಸೆಲ್ (ಸೋಂಕಿನ ಜೊತೆ ಹೋರಾಡೋ ಒಂದು ಬಗೆ ಬಿಳಿ ರಕ್ತಕಣ) ತೆಗೆದು ಅವು ಕರುಳಿನ ವಾಸನೆ ಹಿಡೀತಾವಾ ಅಂತ ನೋಡೋದು. ಎಲ್ಲಿಗೆ ಹೋಗ್ಬೇಕು ಅನ್ನೋದು ಟಿ ಸೆಲ್‌ಗೆ ಹುಟ್ತಾನೇ ಗೊತ್ತಿರಲ್ಲ, ಕರುಳಿನ ಲಿಂಫ್ ನೋಡ್‌ನಲ್ಲಿ (ದುಗ್ಧಗ್ರಂಥಿ) ಟಿ ಸೆಲ್‌ನ ಎಬ್ಬಿಸೋ ಡೆಂಡ್ರಿಟಿಕ್ ಸೆಲ್‌ಗಳು ವಿಟಮಿನ್ ಎ ಇಂದ ರೆಟಿನೋಯಿಕ್ ಆಸಿಡ್ ಮಾಡಿ ಕೊಡ್ತವೆ, ಅದು ಸಿಕ್ಕಿದ ಟಿ ಸೆಲ್ ಮೈಮೇಲೆ ಆಲ್ಫಾ4ಬೀಟಾ7 ಮತ್ತೆ ಸಿಸಿಆರ್9 ಅನ್ನೋ ಎರಡು ಪ್ರೋಟೀನ್ ಬರುತ್ತೆ. ಮೊದಲ್ನೇದು ಕರುಳಿನ ರಕ್ತನಾಳದ ಗೋಡೆ ಹಿಡ್ಕೊಳ್ಳೋಕೆ, ಎರಡನೇದು ಸಣ್ಣ ಕರುಳಿಂದ ಬರೋ ಸಿಸಿಎಲ್25 ಅನ್ನೋ ಕರೆಯೋ ಪ್ರೋಟೀನ್ ಹಿಂದೆ ಹೋಗೋಕೆ. 2004ರಲ್ಲಿ ವಿಜ್ಞಾನಿ ಇವಾಟಾ ಅವರ ಗುಂಪು ತೋರಿಸಿದ್ದು ಇದನ್ನೇ.

ನಾನೂ ರೆಟಿನೋಯಿಕ್ ಆಸಿಡ್ ಹಾಕಿ ಐದು ದಿನ ಬೆಳೆಸ್ದೆ (ಬೆಳಕು ಬಿದ್ರೆ ಕೆಡುತ್ತೆ, ಟ್ಯೂಬ್‌ಗೆ ಫಾಯಿಲ್ ಸುತ್ತಿಡಿ). ಫ್ಲೋ ಸೈಟೋಮೆಟ್ರಿಲಿ (ಸೆಲ್ ಮೈಮೇಲೆ ಯಾವ ಪ್ರೋಟೀನ್ ಇದೆ ಅಂತ ಒಂದೊಂದೇ ಸೆಲ್ ನೋಡೋ ಯಂತ್ರ) ನೋಡಿದ್ರೆ ಎರಡೂ ಬಂದಿದ್ವು, ಖುಷಿ. ಆಮೇಲೆ ಟ್ರಾನ್ಸ್‌ವೆಲ್ (ಪ್ಲೇಟಿನ ಗುಂಡಿ ಅಂದ್ರೆ ವೆಲ್ ಒಳಗೆ, ತೂತಿನ ಮೆಂಬ್ರೇನ್ ತಳ ಇರೋ ಇನ್ಸರ್ಟ್ ಅನ್ನೋ ಪುಟ್ಟ ಬಟ್ಟಲು ಇಳಿಸೋದು, ಸೆಲ್ ತೂರಿ ಕೆಳಗೆ ಬರುತ್ತಾ ನೋಡೋಕೆ), 5 ಮೈಕ್ರಾನ್ ತೂತಿಂದು, ಕೆಳಗೆ 600 ಮೈಕ್ರೋಲೀಟರ್ ಸಿಸಿಎಲ್25, ಮೇಲೆ 100 ಮೈಕ್ರೋಲೀಟರ್ ಸೆಲ್, 37 ಡಿಗ್ರಿಲಿ ಮೂರು ಗಂಟೆ. ಎಣಿಸಿದ್ರೆ ಒಂದು ವೆಲ್ ತುಂಬಾ ಸೆಲ್, ಪಕ್ಕದ್ದು ಖಾಲಿ ಖಾಲಿ. ಮೂರು ವಾರ ಇದೇ ಗೋಳು, ಪ್ರೋಟೀನ್ ಪ್ಲಾಸ್ಟಿಕ್‌ಗೆ ಅಂಟ್ತಿರ್ಬೇಕು ಅಂತ ಮೀಡಿಯಂಗೆ ಬಿಎಸ್‌ಎ (ಪ್ಲಾಸ್ಟಿಕ್‌ಗೆ ತಾನೇ ಅಂಟಿ ಜಾಗ ತುಂಬೋ ಪ್ರೋಟೀನ್) ಹಾಕಿದ್ದೂ ಆಯ್ತು, ಊಹುಂ. ಕೊನೆಗೆ ಸೀನಿಯರ್ ಅಕ್ಕ ಬಂದು "ಏನೋ, ಪ್ಲೇಟ್ ಎತ್ತಿ ಕೆಳಗಿಂದ ನೋಡಿದ್ಯೇನೋ ಯಾವತ್ತಾದ್ರೂ?" ಅಂದ್ರು. ನೋಡಿದ್ರೆ ಮೆಂಬ್ರೇನ್ ಅಡಿಗೆ ಸಾಸಿವೆಕಾಳಷ್ಟು ಗಾಳಿಗುಳ್ಳೆ ಕೂತಿದೆ, ಅಲ್ಲಿ ದ್ರವ ಮೆಂಬ್ರೇನ್‌ಗೆ ತಾಗೋದೇ ಇಲ್ಲ, ಸೆಲ್ ಪಾಪ ಎಲ್ಲಿಗೆ ಇಳಿಬೇಕು. ಈಗ ಇನ್ಸರ್ಟ್ ಓರೆಯಾಗಿ ನಿಧಾನ ಇಳಿಸ್ತೀನಿ.

ಇನ್ನೊಂದು, ಸುಮಾರು ಜನ ಬಿಡೋ ಕಂಟ್ರೋಲ್ (ಹೋಲಿಸಿ ನೋಡೋ ಪರೀಕ್ಷೆ) ಇದು, ಸಿಸಿಎಲ್25 ಮೇಲೂ ಕೆಳಗೂ ಎರಡೂ ಕಡೆ ಹಾಕಿ. ಆಗ್ಲೂ ಅಷ್ಟೇ ಸೆಲ್ ಇಳಿದ್ರೆ ಅವು ವಾಸನೆ ಹಿಡಿದು ಬಂದಿದ್ದಲ್ಲ, ಸುಮ್ನೆ ಚಡಪಡಿಸ್ತಾ ಅಲೆದಿದ್ದು. ನನ್ನವು ಇಳೀಲಿಲ್ಲ, ಬಚಾವ್.

ಆದ್ರೆ ಇಷ್ಟಕ್ಕೇ ಕರುಳಿಗೆ ಹೋಗುತ್ತೆ ಅಂತ ಬರ್ಕೋಬೇಡಿ, ಟ್ರಾನ್ಸ್‌ವೆಲ್‌ನಲ್ಲಿ ರಕ್ತದ ಹರಿವೇ ಇಲ್ವಲ್ಲ. ಆಲ್ಫಾ4ಬೀಟಾ7 ಹಿಡಿತ ನೋಡೋಕೆ ಮ್ಯಾಡ್‌ಕ್ಯಾಮ್-1 (ಕರುಳಿನ ರಕ್ತನಾಳದ ಗೋಡೆಲಿ ಅದು ಹಿಡ್ಕೊಳ್ಳೋ ಪ್ರೋಟೀನ್) ಬಳಿದ ಫ್ಲೋ ಚೇಂಬರ್, ಅಂದ್ರೆ ರಕ್ತದ ಥರ ದ್ರವ ಹರಿಸೋ ಡಬ್ಬಿ ಬೇಕು (ವೆಡೋಲಿಜುಮ್ಯಾಬ್ ಅಂತ ಕರುಳಿನ ಉರಿಯೂತದ ಔಷಧಿ ತಡೆಯೋದೂ ಈ ಹಿಡಿತವನ್ನೇ). ಅದು ನಮ್ಮಲ್ಲಿಲ್ಲ, ಊರಿನ ಇನ್ನೊಂದು ತುದಿಯ ಲ್ಯಾಬಲ್ಲಿದೆ. ಮೊದಲ ಸಲ ಸೆಲ್ ಡಬ್ಬಿ ತೊಡೆಮೇಲಿಟ್ಕೊಂಡು ಆಟೋದಲ್ಲಿ ಹೆಬ್ಬಾಳ ದಾಟೋಷ್ಟರಲ್ಲಿ ನನ್ನ ಸ್ಲಾಟೇ ಮುಗಿದಿತ್ತು, ಮುಂದಿನ ವಾರ ಬೆಳಿಗ್ಗೆ ಆರಕ್ಕೇ ಹೊರಟೆ.